ಐದಕ್ಷರದ ಇಂಗ್ಲಿಷ್ ಪದಗಳು: ‘ಕ್ಯೂ’ ಇರಬೇಕು, ಅದರ ಬೆನ್ನಿಗೆ ‘ಯು’ ಇರಬಾರದು. ಅರ್ಥಸಹಿತ ತಿಳಿಸುವಿರಾ?

ಪ್ರಶ್ನೆ: ಪದಾಸಕ್ತೆ, ಮೈಸೂರು

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಎಂಟನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಅಕ್ಷರದ ಬಿಲ್ಲೆಗಳನ್ನು ಬೋರ್ಡಿನ ಮೇಲೆ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟದ ಅಂತರಶಾಲಾ ಸ್ಪರ್ಧೆಗೆ ಹೋಗಲಿರುವ ಶಾಲೆಯ ತಂಡದಲ್ಲಿ ಅವಳೂ ಇದ್ದಾಳೆ. ಮನೆಯಲ್ಲಿ ಅಭ್ಯಾಸ ಮಾಡುವಾಗ ನಮಗೆ ಮತ್ತೆ ಮತ್ತೆ ಎದುರಾಗುವ ತೊಡಕು ಒಂದೇ. ಕ್ಯೂ ಅಕ್ಷರದ ಬಿಲ್ಲೆ ಕೈಗೆ ಬಂದು, ಯು ಅಕ್ಷರದ ಬಿಲ್ಲೆ ಬಾರದೇ ಹೋದರೆ, ಹತ್ತು ಅಂಕಗಳ ಆ ಬಿಲ್ಲೆಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಅವಳು ಕೊನೆಯವರೆಗೂ ಅದನ್ನು ಹಿಡಿದುಕೊಂಡೇ ಕುಳಿತಿರುತ್ತಾಳೆ. ಎರಡಕ್ಷರದ ‘ಕ್ಯೂ-ಐ’ ಅವಳಿಗೆ ಗೊತ್ತಿದೆ. ಆದರೆ ಐದು ಅಕ್ಷರಗಳ ಪದಗಳು ಗೊತ್ತಿದ್ದರೆ ಬೋರ್ಡಿನ ಮೇಲೆ ಮೂರು ಪಟ್ಟು ಅಂಕದ ಮನೆಯನ್ನು ತಲುಪುವ ಅವಕಾಶ ಹೆಚ್ಚು ಎಂದು ತರಬೇತಿ ನೀಡುವ ಶಿಕ್ಷಕರು ಹೇಳಿದ್ದಾರೆ.

ಅಂತರ್ಜಾಲದಲ್ಲಿ ಇಂತಹ ಪದಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಆದರೆ ಅವುಗಳಲ್ಲಿ ಪದಗಳನ್ನು ಸಾಲಾಗಿ ಜೋಡಿಸಿರುತ್ತಾರೆಯೇ ಹೊರತು ಅರ್ಥವನ್ನು ಕೊಟ್ಟಿರುವುದಿಲ್ಲ. ಅರ್ಥ ತಿಳಿಯದ ಪದವನ್ನು ಬಾಯಿಪಾಠ ಮಾಡಲು ನನ್ನ ಮಗಳು ಒಪ್ಪುವುದಿಲ್ಲ. ಪ್ರತಿಯೊಂದಕ್ಕೂ “ಇದು ನಿಜವಾಗಿಯೂ ಇಂಗ್ಲಿಷ್ ಪದವೇ? ಇದನ್ನು ಯಾರು ಬಳಸುತ್ತಾರೆ?” ಎಂದು ಕೇಳುತ್ತಾಳೆ. ಅವಳ ಪ್ರಶ್ನೆ ನ್ಯಾಯವಾದದ್ದೆಂದೇ ನನಗೂ ಅನಿಸುತ್ತದೆ. ಆದ್ದರಿಂದ ಐದೇ ಅಕ್ಷರಗಳಿರುವ, ಕ್ಯೂ ಇರುವ, ಆದರೆ ಕ್ಯೂವಿನ ಮುಂದೆ ಯು ಇಲ್ಲದ ಪದಗಳನ್ನು ಕನ್ನಡದಲ್ಲಿ ಅರ್ಥ ವಿವರಿಸಿ ತಿಳಿಸಬೇಕೆಂದು ಬಲ್ಲವರಲ್ಲಿ ಕೋರುತ್ತೇನೆ. ನೆನಪಿನಲ್ಲಿ ಇಟ್ಟುಕೊಳ್ಳಲು ಏನಾದರೂ ದಾರಿ ಇದ್ದರೆ ಅದನ್ನೂ ದಯವಿಟ್ಟು ಹೇಳಿ.

ಉತ್ತರ: ಬಿಲ್ಲೆಮಣೆ, ಬೆಂಗಳೂರು

ನಮಸ್ಕಾರ ಮೇಡಂ. ನಾನು ಹಲವು ವರ್ಷಗಳಿಂದ ಸ್ಕ್ರ್ಯಾಬಲ್ ಆಡುತ್ತಾ, ಮಕ್ಕಳಿಗೆ ಹೇಳಿಕೊಡುತ್ತಾ ಬಂದವನು. ನೀವು ಕೇಳಿರುವ ಗುಂಪಿನಷ್ಟು ಪ್ರಯೋಜನಕ್ಕೆ ಬರುವ ಪದಗಳ ಗುಂಪು ಈ ಆಟದಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಇಂಗ್ಲಿಷ್ ಸ್ಕ್ರ್ಯಾಬಲ್‌ನ 100 ಬಿಲ್ಲೆಗಳಲ್ಲಿ ಕ್ಯೂ ಇರುವುದು ಒಂದೇ ಒಂದು, ಯು ಇರುವುದು ನಾಲ್ಕು. ಆ ನಾಲ್ಕೂ ಎದುರಾಳಿಯ ಕೈ ಸೇರಿದ್ದರೆ ಅಥವಾ ಬೋರ್ಡಿನ ಮೇಲೆ ಬಳಕೆಯಾಗಿ ಹೋಗಿದ್ದರೆ, ಯು ಬೇಡದ ಪದಗಳನ್ನು ಬಲ್ಲವರು ಮಾತ್ರ ಪಾರಾಗುತ್ತಾರೆ. ಆಟ ಮುಗಿದಾಗ ಕೈಯಲ್ಲಿ ಉಳಿದ ಕ್ಯೂ ನಿಮ್ಮ ಮೊತ್ತದಿಂದ ಹತ್ತು ಅಂಕಗಳನ್ನು ಕಳೆಯುವುದಷ್ಟೇ ಅಲ್ಲ, ಬಿಲ್ಲೆಗಳನ್ನೆಲ್ಲ ಮುಗಿಸಿದ ಎದುರಾಳಿಯ ಮೊತ್ತಕ್ಕೆ ಅದೇ ಹತ್ತನ್ನು ಸೇರಿಸುತ್ತದೆ ಎಂಬುದನ್ನೂ ಮಗಳಿಗೆ ತಿಳಿಸಿ.

ಮೊದಲು ಒಂದು ಸ್ಪಷ್ಟನೆ ಅಗತ್ಯ. ಭಾರತದ ಸ್ಪರ್ಧೆಗಳಲ್ಲಿ ಕಾಲಿನ್ಸ್ ಪದಪಟ್ಟಿಯನ್ನು ಅನುಸರಿಸುತ್ತಾರೆ, ಉತ್ತರ ಅಮೆರಿಕದಲ್ಲಿ ಬೇರೆಯದೇ ಪಟ್ಟಿ ಇದೆ. ಅಂತರ್ಜಾಲದ ಅನೇಕ ಪಟ್ಟಿಗಳು ಅಮೆರಿಕದವು. ನಾನು ಕೆಳಗೆ ಹೇಳುವುದೆಲ್ಲ ಕಾಲಿನ್ಸ್ ಪಟ್ಟಿಯ ಪದಗಳೇ.

ಕನ್ನಡದ ಕಿವಿಗೆ ಪರಿಚಿತವಾದ ಪದಗಳಿಂದಲೇ ಆರಂಭಿಸೋಣ. ‘ಫಕೀರ’ ಎಂದು ನಾವು ಹೇಳುವ ಪದ ಇಂಗ್ಲಿಷಿನಲ್ಲಿ ಎಫ್-ಎ-ಕ್ಯೂ-ಐ-ಆರ್. ಮೂಲ ಅರಬ್ಬಿಯಲ್ಲಿ ಅದಕ್ಕೆ ಬಡವ ಎಂಬ ಅರ್ಥವಿದ್ದು, ಸಂಪತ್ತನ್ನು ತೊರೆದ ಸೂಫಿ ಸಾಧಕನಿಗೂ ಭಿಕ್ಷೆಯಿಂದ ಬದುಕುವ ಸಾಧುವಿಗೂ ಅದು ಹೆಸರಾಯಿತು. ಎಫ್ ಬಿಲ್ಲೆಗೆ ನಾಲ್ಕು ಅಂಕವಿರುವುದರಿಂದ ಈ ಪದಕ್ಕೆ 17 ಅಂಕ ಸಿಗುತ್ತದೆ. ‘ತಲಾಖ್’ ಟಿ-ಎ-ಎಲ್-ಎ-ಕ್ಯೂ. ಇದು ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲಿ ಗಂಡ ನೀಡುವ ವಿಚ್ಛೇದನ. 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಒಂದೇ ಉಸಿರಿನ ಮೂರು ತಲಾಖನ್ನು ಅಸಿಂಧುಗೊಳಿಸಿದಾಗ ಈ ಪದ ಎಲ್ಲ ಪತ್ರಿಕೆಗಳಲ್ಲಿಯೂ ಇತ್ತು. ‘ಬುರ್ಖಾ’ ಬಿ-ಯು-ಆರ್-ಕ್ಯೂ-ಎ, ಅಂದರೆ ಮೈಯನ್ನೆಲ್ಲ ಮುಚ್ಚುವ ನಿಲುವಂಗಿ. ‘ನಿಕಾಬ್’ ಎನ್-ಐ-ಕ್ಯೂ-ಎ-ಬಿ, ಅಂದರೆ ಕಣ್ಣುಗಳನ್ನಷ್ಟೇ ಬಿಟ್ಟು ಮುಖವನ್ನು ಮರೆಮಾಡುವ ಮುಸುಕು. ಇವೆರಡನ್ನೂ ಒಂದೇ ಎಂದು ತಿಳಿಯುವವರು ಬಹಳ ಮಂದಿ ಇರುವುದರಿಂದ ವ್ಯತ್ಯಾಸವನ್ನು ಮಗಳಿಗೆ ಬಿಡಿಸಿ ಹೇಳಿದರೆ ಎರಡೂ ಪದಗಳು ಒಟ್ಟಿಗೆ ನೆನಪಿನಲ್ಲಿ ಉಳಿಯುತ್ತವೆ. ‘ಕಿಬ್ಲಾ’ ಕ್ಯೂ-ಐ-ಬಿ-ಎಲ್-ಎ, ನಮಾಜಿನಲ್ಲಿ ಮುಖ ಮಾಡಿ ನಿಲ್ಲಬೇಕಾದ ಮಕ್ಕಾದ ಕಾಬಾದ ದಿಕ್ಕು. ಕರ್ನಾಟಕದಲ್ಲಿ ನಿಂತವರಿಗೆ ಅದು ಪಶ್ಚಿಮದ ಕಡೆ. ಹೋಟೆಲಿನ ತಿನಿಸುಪಟ್ಟಿಯಲ್ಲಿ ಕಾಣುವ ‘ಕುರ್ಮಾ’ ಸಾಮಾನ್ಯವಾಗಿ ಕೆ ಅಕ್ಷರದಿಂದ ಆರಂಭವಾಗುತ್ತದೆ, ಆದರೆ ಕ್ಯೂ-ಓ-ಆರ್-ಎಂ-ಎ ಎಂಬ ರೂಪವೂ ಪಟ್ಟಿಯಲ್ಲಿದೆ.

ಇನ್ನು ಪರಿಚಯವಿಲ್ಲದವು. ಕ್ಯೂ-ಎ-ಎನ್-ಎ-ಟಿ, ‘ಕನಾತ್’, ನೆಲದಡಿಯ ನೀರಿನ ಸುರಂಗ. ಯು-ಎಂ-ಐ-ಎ-ಕ್ಯೂ, ‘ಊಮಿಯಾಕ್’, ಉತ್ತರ ಧ್ರುವದ ಬಳಿಯ ಇನುಯಿಟ್ ಜನರು ಮರದ ಚೌಕಟ್ಟಿಗೆ ಸೀಲ್ ಅಥವಾ ವಾಲ್ರಸ್ ಪ್ರಾಣಿಯ ಚರ್ಮವನ್ನು ಬಿಗಿದು ಕಟ್ಟುವ ತೆರೆದ ದೊಡ್ಡ ದೋಣಿ. ಅದೇ ಜನರ, ಒಬ್ಬನೇ ಬೇಟೆಗಾರ ಕೂರುವ, ಮೇಲ್ಭಾಗ ಮುಚ್ಚಿದ ಕಿರಿದೋಣಿ ‘ಕಯಾಕ್’. ಅದಕ್ಕೆ ಕ್ಯೂ-ಎ-ಜೆ-ಎ-ಕ್ಯೂ ಎಂಬ ರೂಪವನ್ನೂ ಕಾಲಿನ್ಸ್ ಒಪ್ಪಿದೆ. ಇದರಲ್ಲಿ ಎರಡು ಕ್ಯೂ ಇರುವುದರಿಂದ ಎರಡನೆಯದಕ್ಕೆ, ಯಾವ ಅಕ್ಷರವಾಗಿಯಾದರೂ ಬಳಸಬಹುದಾದ ಖಾಲಿ ಬಿಲ್ಲೆಯನ್ನೇ ಇಡಬೇಕಾಗುತ್ತದೆ. ಖಾಲಿ ಬಿಲ್ಲೆಗೆ ಅಂಕವಿಲ್ಲದಿದ್ದರೂ ಜೆ ಅಕ್ಷರದ ಎಂಟು ಸೇರಿ 20 ಅಂಕ ಬರುತ್ತದೆ. ಕ್ಯೂ-ಎ-ಪಿ-ಐ-ಕೆ ಅಜರ್‌ಬೈಜಾನ್ ದೇಶದ ಚಿಲ್ಲರೆ ನಾಣ್ಯ. ಅಲ್ಲಿನ ಮನಾತ್ ಎಂಬ ಹಣದ ನೂರನೆಯ ಒಂದು ಭಾಗ ಅದು, ರಷ್ಯಾದ ಕೊಪೆಕ್‌ನ ಬಂಧು. ಖಾಲಿ ಬಿಲ್ಲೆಯ ನೆರವಿಲ್ಲದೆಯೇ ಇದಕ್ಕೂ 20 ಅಂಕ ಸಿಗುತ್ತದೆ. ಕ್ಯೂ-ಎ-ಎನ್-ಯು-ಎನ್ ಮಡಿಲಲ್ಲೋ ಮೇಜಿನ ಮೇಲೋ ಇಟ್ಟುಕೊಂಡು ಮೀಟುವ, ಅರಬ್ಬರ ಮತ್ತು ತುರ್ಕಿಯವರ ತಂತಿವಾದ್ಯ. ನಮ್ಮ ಹಿಂದೂಸ್ತಾನಿ ಗಾಯಕರ ಸ್ವರಮಂಡಲವನ್ನು ನೋಡಿದವರಿಗೆ ಅದರ ಆಕಾರ ಸುಲಭವಾಗಿ ತಿಳಿಯುತ್ತದೆ. ಈ ಪದದಲ್ಲಿ ಯು ಇದೆ, ಆದರೆ ಕ್ಯೂವಿನ ಪಕ್ಕದಲ್ಲಿ ಇಲ್ಲ. ಬುರ್ಖಾ ಮತ್ತು ಊಮಿಯಾಕ್ ಕೂಡ ಹಾಗೆಯೇ. ಆದ್ದರಿಂದ ಕೈಯಲ್ಲಿ ಯು ಒಂದೂ ಇಲ್ಲದಿರುವಾಗ ನೆನಪಿಗೆ ಬರಬೇಕಾದ ಪದಗಳೇ ಬೇರೆ, ಯು ಇದ್ದೂ ಹೊಂದಿಕೆಯಾಗದಿದ್ದಾಗ ನೆನಪಿಗೆ ಬರಬೇಕಾದವೇ ಬೇರೆ.

ಟಿ-ಆರ್-ಎ-ಎನ್-ಕ್ಯೂ ಮಾತ್ರ ಈ ಗುಂಪಿನಲ್ಲಿ ಬೇರೆ ಜಾತಿಯದು. ಮನಸ್ಸನ್ನು ಅಥವಾ ಪ್ರಾಣಿಯನ್ನು ಶಾಂತಗೊಳಿಸುವ ಔಷಧಕ್ಕೆ ಇರುವ ‘ಟ್ರ್ಯಾಂಕ್ವಿಲೈಸರ್’ ಎಂಬ ಉದ್ದದ ಪದವನ್ನು ಕ್ಯೂ ಬಂದಲ್ಲಿಗೆ ಕತ್ತರಿಸಿ ಮಾಡಿಕೊಂಡ ಆಡುಮಾತಿನ ರೂಪವದು. ಕತ್ತರಿ ಬಿದ್ದ ಜಾಗದಲ್ಲಿಯೇ ಯು ಉದುರಿಹೋಗಿದೆ.

ನಾಲ್ಕಕ್ಷರದ ಕೆಲವು ಪದಗಳಿಗೆ ಬಹುವಚನದ ಎಸ್ ಸೇರಿಸಿದರೆ ಅವೂ ಐದಕ್ಷರದವಾಗುತ್ತವೆ. ಕ್ಯೂ-ಎ-ಡಿ-ಐ ಎಂದರೆ ಇಸ್ಲಾಮಿ ನ್ಯಾಯಾಧೀಶ. ನಾವು ಖಾಜಿ ಎನ್ನುವುದು ಇವನನ್ನೇ. ಅರಬ್ಬಿಯ ಒಂದು ಅಕ್ಷರವನ್ನು ಪಾರಸಿಯವರು ‘ಜ’ ಎಂದು ಉಚ್ಚರಿಸಿದ್ದರಿಂದ ನಮ್ಮಲ್ಲಿ ಆ ರೂಪ ಬಂತು. ಕ್ಯೂ-ಎ-ಐ-ಡಿ ಎಂದರೆ ಉತ್ತರ ಆಫ್ರಿಕದಲ್ಲಿ ಬುಡಕಟ್ಟಿನ ಮುಖ್ಯಸ್ಥ ಅಥವಾ ನಾಯಕ. ಡಬ್ಲ್ಯು-ಎ-ಕ್ಯೂ-ಎಫ್ ವಕ್ಫ್, ಅಂದರೆ ಧರ್ಮಕಾರ್ಯಕ್ಕೆಂದು ಶಾಶ್ವತವಾಗಿ ಮೀಸಲಿಟ್ಟ ಆಸ್ತಿ. ಎಫ್-ಐ-ಕ್ಯೂ-ಎಚ್ ಇಸ್ಲಾಮಿ ಧರ್ಮಶಾಸ್ತ್ರದ ನ್ಯಾಯಮೀಮಾಂಸೆ. ಕ್ಯೂ-ಓ-ಪಿ-ಎಚ್ ಹೀಬ್ರೂ ವರ್ಣಮಾಲೆಯ ಹತ್ತೊಂಬತ್ತನೆಯ ಅಕ್ಷರದ ಹೆಸರು. ಇವೆಲ್ಲಕ್ಕೂ ಎಸ್ ಸೇರುತ್ತದೆ. ಆದರೆ ಎಸ್ ಬಿಲ್ಲೆ ಇರುವುದು ನಾಲ್ಕೇ. ಹೆಚ್ಚಿನ ಲಾಭ ಕಾಣದೆ ಅದನ್ನು ಖರ್ಚು ಮಾಡಬಾರದೆಂದು ನಾನು ಮಕ್ಕಳಿಗೆ ಯಾವಾಗಲೂ ಹೇಳುತ್ತೇನೆ.

ಉತ್ತರ: ನಿಘಂಟಿನ ಓದುಗ, ಧಾರವಾಡ

ಮೇಲಿನ ಉತ್ತರ ಸೊಗಸಾಗಿದೆ. ಪಟ್ಟಿಗೆ ನಾನು ಹೊಸ ಪದಗಳನ್ನು ಸೇರಿಸುವುದಿಲ್ಲ. “ಇದು ನಿಜವಾಗಿಯೂ ಇಂಗ್ಲಿಷ್ ಪದವೇ?” ಎಂಬ ಆ ಹುಡುಗಿಯ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಲು ಬಯಸುತ್ತೇನೆ, ಏಕೆಂದರೆ ನೆನಪಿಟ್ಟುಕೊಳ್ಳುವ ದಾರಿ ಆ ಪ್ರಶ್ನೆಯ ಒಳಗೇ ಇದೆ.

ಇಂಗ್ಲಿಷಿನಲ್ಲಿ ಕ್ಯೂ ಬಂದರೆ ಯು ಬರಲೇಬೇಕು ಎಂಬ ಪದ್ಧತಿ ಆ ಭಾಷೆಯ ಹುಟ್ಟಿನಿಂದ ಬಂದದ್ದಲ್ಲ. ಹಳೆಯ ಇಂಗ್ಲಿಷಿನವರು ರಾಣಿ ಎಂಬ ಅರ್ಥದ ‘ಕ್ವೀನ್’ ಪದವನ್ನು ಸಿ ಮತ್ತು ಡಬ್ಲ್ಯು ಧ್ವನಿಗಳ ಅಕ್ಷರಗಳಿಂದ ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ, ಫ್ರೆಂಚ್ ಬರವಣಿಗೆಯಲ್ಲಿ ಪಳಗಿದ ಲಿಪಿಕಾರರ ಕೈಯಲ್ಲಿ, ಲ್ಯಾಟಿನ್ನಿನಿಂದ ಫ್ರೆಂಚಿಗೆ ಇಳಿದುಬಂದಿದ್ದ ಕ್ಯೂ-ಯು ಜೋಡಿ ನಿಧಾನವಾಗಿ ಆ ಜಾಗವನ್ನು ಆಕ್ರಮಿಸಿತು. ಹಾಗಾಗಿ ಇಂಗ್ಲಿಷಿನ ತನ್ನದೇ ಪದಗಳಲ್ಲಿಯೂ ಲ್ಯಾಟಿನ್ ಮೂಲದ ಪದಗಳಲ್ಲಿಯೂ ಈ ಜೋಡಿ ಬಿಡಿಸಲಾರದಂತೆ ಅಂಟಿಕೊಂಡಿದೆ. ಯು ಇಲ್ಲದ ಕ್ಯೂ ಕಂಡರೆ, ಟ್ರ್ಯಾಂಕ್‌ನಂತಹ ಕತ್ತರಿಸಿದ ರೂಪವನ್ನು ಬಿಟ್ಟು, ಆ ಪದ ಬೇರೊಂದು ಲಿಪಿಯಿಂದ ಅಥವಾ ಬೇರೊಂದು ಭಾಷೆಯ ರೋಮನ್ ಬರಹದಿಂದ ಬಂದಿದೆ ಎಂದು ಹೆಚ್ಚುಕಡಿಮೆ ನಿಶ್ಚಯವಾಗಿ ಹೇಳಬಹುದು. ಅಂದರೆ ಪದದ ಕಾಗುಣಿತವೇ ಅದರ ಊರನ್ನು ಹೇಳುತ್ತದೆ.

ಆ ಊರುಗಳಲ್ಲಿ ಅತಿ ದೊಡ್ಡದು ಅರಬ್ಬಿ. ಅರಬ್ಬಿಯಲ್ಲಿ ‘ಕ’ಕಾರದಂತೆ ಕೇಳುವ ಎರಡು ಬೇರೆ ಬೇರೆ ಅಕ್ಷರಗಳಿವೆ. ಒಂದು ಕಾಫ್, ನಮ್ಮ ಕ ಇದ್ದಂತೆ. ಇನ್ನೊಂದು, ಗಂಟಲಿನ ಇನ್ನಷ್ಟು ಒಳಗೆ, ಕಿರುನಾಲಿಗೆಯ ಬಳಿ ಹುಟ್ಟುವ ಖಾಫ್. ಎರಡನ್ನೂ ರೋಮನ್ ಲಿಪಿಯ ಕೆ ಅಕ್ಷರದಿಂದಲೇ ಬರೆದರೆ ವ್ಯತ್ಯಾಸ ಅಳಿಸಿಹೋಗುತ್ತದೆಂದು, ವಿದ್ವಾಂಸರು ಎರಡನೆಯದಕ್ಕೆ ಕ್ಯೂ ಬಳಸುವ ರೂಢಿ ಬೆಳೆಸಿದರು. ಫಕೀರ, ತಲಾಖ್, ನಿಕಾಬ್, ಕಿಬ್ಲಾ, ಕನಾತ್, ವಕ್ಫ್ ಎಲ್ಲದರಲ್ಲಿಯೂ ಇರುವುದು ಆ ಒಳಗಂಟಲಿನ ಅಕ್ಷರವೇ. ಇದೇ ಪದಗಳಲ್ಲಿ ಹಲವಕ್ಕೆ ಇಂಗ್ಲಿಷಿನಲ್ಲಿ ಕೆ ಅಕ್ಷರದ ಹಳೆಯ ರೂಪವೂ ಉಳಿದಿರುವುದು, ಕಿವಿಗೆ ಕೇಳಿದಂತೆ ಬರೆದುಕೊಂಡ ವ್ಯಾಪಾರಿಗಳ ಮತ್ತು ಪ್ರವಾಸಿಗರ ಬರಹದಿಂದ. ಫಕೀರ, ಬುರ್ಖಾ, ಕುರ್ಮಾ, ಊಮಿಯಾಕ್, ಕಯಾಕ್ ಈ ಐದಕ್ಕೂ ಕೆ ರೂಪ ಇಂಗ್ಲಿಷಿನಲ್ಲಿದೆ. ಕಯಾಕ್‌ನಲ್ಲಿ ಮಾತ್ರ ಜೆ ಇದ್ದಲ್ಲಿ ವೈ ಬರುತ್ತದೆ. ಮಗಳಿಗೆ ಕೆ ರೂಪ ಮೊದಲೇ ಗೊತ್ತಿದ್ದರೆ ಕ್ಯೂ ರೂಪವನ್ನು ಅದರ ಪಕ್ಕದಲ್ಲಿಯೇ ಇಟ್ಟು ಕಲಿಸಿ. ಆದರೆ ಕೆ ಇರುವ ಯಾವುದೇ ಪದವನ್ನು ತೆಗೆದುಕೊಂಡು ಅಲ್ಲಿ ಕ್ಯೂ ಇಡಬಹುದೆಂದು ಅವಳು ಭಾವಿಸಬಾರದು. ಪಟ್ಟಿಯಲ್ಲಿ ಇದೆಯೇ ಎಂದು ನೋಡಿಯೇ ಕಲಿಯಬೇಕು.

ಇಲ್ಲಿ ಕನ್ನಡಿಗರಿಗೆ ಒಂದು ವಿಶೇಷ ಅನುಕೂಲವಿದೆ, ಅದನ್ನು ನಾವು ಸಾಕಷ್ಟು ಬಳಸಿಕೊಂಡಿಲ್ಲ ಎಂಬುದು ನನ್ನ ಕೊರಗು. ಬಹಮನಿ, ಆದಿಲ್‌ಶಾಹಿ, ಹೈದರಾಲಿ ಮತ್ತು ಟಿಪ್ಪುವಿನ ಆಡಳಿತಗಳ ಮೂಲಕ ಪಾರಸಿಯ ದಾರಿಯಲ್ಲಿ ನಮ್ಮ ಭಾಷೆಗೆ ಬಂದ ಅರಬ್ಬಿ ಪದಗಳಲ್ಲಿ ಈ ಅಕ್ಷರ ತುಂಬಿಕೊಂಡಿದೆ. ಕಾನೂನು, ಹಕ್ಕು, ಬಾಕಿ, ನಕಲು, ನಕ್ಷೆ, ಕರಾರು, ಕೈದಿ, ತಾಲೂಕು, ಇಲಾಖೆ ಇವೆಲ್ಲದರ ಮೂಲದಲ್ಲಿರುವುದು ಇದೇ ಖಾಫ್. ನಾವು ಅದನ್ನು ಒಮ್ಮೆ ಕ ಎಂದೂ ಒಮ್ಮೆ ಖ ಎಂದೂ ಬರೆದುಕೊಂಡೆವು, ಇಂಗ್ಲಿಷಿನವರು ಒಮ್ಮೆ ಕೆ ಎಂದೂ ಒಮ್ಮೆ ಕ್ಯೂ ಎಂದೂ ಬರೆದುಕೊಂಡರು. ತಾಲೂಕು ಕಚೇರಿಯ ಒಂದು ಅರ್ಜಿಯನ್ನು ಓದುವಾಗ ನಾವು ಎಷ್ಟು ಸಲ ಈ ಅಕ್ಷರವನ್ನು ದಾಟಿಹೋಗುತ್ತೇವೆಂದು ಲೆಕ್ಕ ಹಾಕಿದರೆ ಆಶ್ಚರ್ಯವಾದೀತು. ಮೇಲೆ ಹೇಳಿದ ತಂತಿವಾದ್ಯದ ಹೆಸರನ್ನೂ ನಮ್ಮ ಕಾನೂನು ಎಂಬ ಪದವನ್ನೂ ಜೋಡಿಸಿ ನೋಡಿ. ಎರಡೂ ಗ್ರೀಕ್ ಭಾಷೆಯ ‘ಕಾನೋನ್’ ಎಂಬ ಪದದಿಂದ ಅರಬ್ಬಿಗೆ ಬಂದವು. ಅಳತೆಕೋಲು, ನಿಯಮ ಎಂಬುದು ಅದರ ಅರ್ಥ. ಒಂದೇ ಪದ ಒಂದು ಕಡೆ ನ್ಯಾಯಾಲಯಕ್ಕೂ ಇನ್ನೊಂದು ಕಡೆ ಸಂಗೀತ ಸಭೆಗೂ ಹೋಗಿದೆ. ಕ್ಯೂ-ಎ-ಐ-ಡಿ ಎಂಬ ನಾಯಕನನ್ನು ಮಾತ್ರ ನಮ್ಮ ಕೈದಿಯೊಂದಿಗೆ ಬೆರೆಸಬಾರದು, ಏಕೆಂದರೆ ಅವೆರಡಕ್ಕೂ ಅರಬ್ಬಿಯಲ್ಲಿ ಬೇರೆ ಬೇರೆ ಧಾತುಗಳಿವೆ.

ಉಳಿದ ಊರುಗಳು ಚಿಕ್ಕವು. ಇನುಯಿಟ್ ಭಾಷೆಗಳಲ್ಲಿಯೂ ಅಂತಹುದೇ ಒಳಗಂಟಲಿನ ಧ್ವನಿ ಇರುವುದರಿಂದ ಅಲ್ಲಿಯೂ ಕ್ಯೂ ಬಂತು. ಅಜರ್‌ಬೈಜಾನಿನ ಲ್ಯಾಟಿನ್ ವರ್ಣಮಾಲೆಯಲ್ಲಿ ಕ್ಯೂ ಅಕ್ಷರಕ್ಕೆ ನಮ್ಮ ‘ಗ’ದ ಉಚ್ಚಾರವಿದೆ, ಆದ್ದರಿಂದ ಆ ನಾಣ್ಯದ ಹೆಸರನ್ನು ಅಲ್ಲಿನವರು ‘ಗೆಪಿಕ್’ ಎಂಬಂತೆ ಹೇಳುತ್ತಾರೆ. ನಿಮ್ಮ ಮಗಳಿಗೆ ಗೊತ್ತಿರುವ ಕ್ಯೂ-ಐ ಚೀನಿ ಭಾಷೆಯದು, ಪ್ರಾಣಶಕ್ತಿ ಎಂಬ ಅರ್ಥದ್ದು. ಚೀನಾ 1958ರಲ್ಲಿ ಒಪ್ಪಿಕೊಂಡ ಪಿನ್‌ಯಿನ್ ಎಂಬ ರೋಮನ್ ಬರಹಕ್ರಮದಲ್ಲಿ ಕ್ಯೂ ಅಕ್ಷರವನ್ನು ‘ಛ’ಕ್ಕೆ ಹತ್ತಿರವಾದ ಧ್ವನಿಗೆ ಗೊತ್ತುಮಾಡಿರುವುದರಿಂದ ಅದನ್ನು ‘ಛೀ’ ಎಂದು ಉಚ್ಚರಿಸಬೇಕು, ‘ಕೀ’ ಎಂದಲ್ಲ. ಹೀಬ್ರೂವಿನ ಕೋಫ್ ಎಂಬ ಅಕ್ಷರದ ಹೆಸರು ಈ ಪಟ್ಟಿಯಲ್ಲಿ ಇರುವುದು ನನಗೆ ಬಹಳ ಪ್ರಿಯವಾದ ಸಂಗತಿ. ಆ ಅಕ್ಷರಕ್ಕೂ ಲ್ಯಾಟಿನ್ನಿನ ಕ್ಯೂಗೂ ಮೂಲ ಒಂದೇ, ಫಿನೀಷಿಯನ್ನರ ಪ್ರಾಚೀನ ಲಿಪಿ. ಆ ಲಿಪಿಯಿಂದ ಗ್ರೀಕರಿಗೂ, ಅವರಿಂದ ಎಟ್ರಸ್ಕನ್ನರ ಮೂಲಕ ರೋಮನ್ನರಿಗೂ ಅದು ಬಂದದ್ದು. ಹೀಗೆ ನೋಡಿದರೆ ಯು ಇಲ್ಲದೆ ನಿಲ್ಲುವ ಕ್ಯೂ ತನ್ನ ಹಳೆಯ ಸ್ಥಿತಿಯಲ್ಲಿಯೇ ಇದೆ, ಯು ಅದಕ್ಕೆ ಅನಂತರ ಅಂಟಿಕೊಂಡದ್ದು.

ಆದ್ದರಿಂದ ನನ್ನ ಸಲಹೆ ಇಷ್ಟು. ವರ್ಣಮಾಲೆಯ ಕ್ರಮದ ಪಟ್ಟಿಯನ್ನು ಮಗಳ ಮುಂದೆ ಇಡಬೇಡಿ. ಅರಬ್ಬಿಯಿಂದ ಬಂದವು, ಇನುಯಿಟ್ ಜನರವು, ನಾಣ್ಯದ ಹೆಸರು, ಕತ್ತರಿಸಿದ ರೂಪ ಎಂದು ಮೂಲದ ಪ್ರಕಾರ ವಿಂಗಡಿಸಿ, ಅರಬ್ಬಿಯವುಗಳ ಎದುರಿಗೆ ಕನ್ನಡದ ರೂಪವನ್ನು ಬರೆದುಕೊಡಿ. ಮುಕ್ಕಾಲು ಪಾಲು ಪದಗಳು ಅವಳಿಗೆ ಮೊದಲೇ ಗೊತ್ತಿದ್ದವು ಎಂಬುದು ಆಗ ಅವಳಿಗೇ ತಿಳಿಯುತ್ತದೆ.

ಉತ್ತರ: ಕೋಟೆಯ ಊರಿನವನು, ಬೀದರ್

ಕನಾತ್ ಪದದ ಅರ್ಥವನ್ನು ‘ನೆಲದಡಿಯ ನೀರಿನ ಸುರಂಗ’ ಎಂದು ಮೊದಲ ಉತ್ತರದಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿರುವುದನ್ನು ನೋಡಿ, ಬೀದರಿನವನಾದ ನನಗೆ ಬರೆಯದೆ ಇರಲಾಗಲಿಲ್ಲ. ಈ ಪದ ಸೂಚಿಸುವ ವಸ್ತು ಕರ್ನಾಟಕದಲ್ಲಿಯೇ ಇದೆ. ಶಾಲೆಯ ಪ್ರವಾಸದಲ್ಲಿ ಮಕ್ಕಳನ್ನು ಕರೆತಂದು ತೋರಿಸಬಹುದು.

ಕನಾತ್ ಇರಾನಿನಲ್ಲಿ ಬೆಳೆದ ವಿದ್ಯೆ. ಬೆಟ್ಟದ ಬುಡದಲ್ಲಿ ಅಂತರ್ಜಲ ಸಿಗುವ ಕಡೆ ಒಂದು ಆಳವಾದ ಬಾವಿಯನ್ನು ತೋಡುತ್ತಾರೆ. ಅದನ್ನು ತಾಯಿಬಾವಿ ಎನ್ನುತ್ತಾರೆ. ಅಲ್ಲಿಂದ ಊರಿನ ಕಡೆಗೆ ಬಹಳ ಸಣ್ಣ ಇಳಿಜಾರಿನಲ್ಲಿ ನೆಲದಡಿಯಲ್ಲಿಯೇ ಸುರಂಗವನ್ನು ಕೊರೆಯುತ್ತಾ ಬರುತ್ತಾರೆ. ಕೊರೆದ ಮಣ್ಣನ್ನು ಮೇಲೆತ್ತಲು, ಒಳಗೆ ಕೆಲಸ ಮಾಡುವವರಿಗೆ ಗಾಳಿ ಆಡಲು, ಮುಂದೆ ಹೂಳು ತೆಗೆಯಲು ಅನುಕೂಲವಾಗುವಂತೆ ದಾರಿಯುದ್ದಕ್ಕೂ ನೆಟ್ಟಗಿನ ಗಾಳಿಬಾವಿಗಳನ್ನು ಬಿಡುತ್ತಾರೆ. ನೀರನ್ನು ಎತ್ತುವ ಯಂತ್ರವಾಗಲಿ ಎತ್ತುಗಳಾಗಲಿ ಬೇಕಿಲ್ಲ. ಇಳಿಜಾರೊಂದೇ ಅದನ್ನು ಊರಿಗೆ ತಲುಪಿಸುತ್ತದೆ, ನೆಲದಡಿಯಲ್ಲಿ ಇರುವುದರಿಂದ ಬಿಸಿಲಿಗೆ ಆವಿಯಾಗುವ ನಷ್ಟವೂ ಕಡಿಮೆ. ಇರಾನಿನ ಹನ್ನೊಂದು ಕನಾತ್‌ಗಳನ್ನು ಯುನೆಸ್ಕೋ 2016ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದೆ.

15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನರು ಕಲಬುರಗಿಯಿಂದ ಬೀದರಿಗೆ ರಾಜಧಾನಿಯನ್ನು ಬದಲಾಯಿಸಿದ ಮೇಲೆ ಇರಾನಿನ ಕಡೆಯಿಂದ ಅನೇಕರು ಇಲ್ಲಿಗೆ ಬಂದರು, ಅವರೊಂದಿಗೆ ಈ ವಿದ್ಯೆಯೂ ಬಂತು. ಬೀದರಿನ ಪ್ರಸ್ಥಭೂಮಿಯ ಮೇಲ್ಪದರ ಜಂಬಿಟ್ಟಿಗೆ ಕಲ್ಲಿನದು, ಕೆಳಗೆ ಕಪ್ಪು ಬಸಾಲ್ಟ್ ಶಿಲೆ. ಮಳೆನೀರು ರಂಧ್ರಮಯವಾದ ಜಂಬಿಟ್ಟಿಗೆಯ ಮೂಲಕ ಇಳಿದು ಬಸಾಲ್ಟಿನ ಮೇಲೆ ನಿಲ್ಲುತ್ತದೆ. ಆ ನೀರನ್ನೇ ಸುರಂಗದಿಂದ ಹಿಡಿದರು. ನೌಬಾದಿನಲ್ಲಿ ಇರುವ ಅಂತಹ ಸುರಂಗವನ್ನು ಇತ್ತೀಚಿನ ವರ್ಷಗಳಲ್ಲಿ ಹೂಳೆತ್ತಿ ಮತ್ತೆ ಕಾಣುವಂತೆ ಮಾಡಿದ್ದಾರೆ. ಇಲ್ಲಿ ಅದನ್ನು ಕರೇಜ್ ಎಂದೂ ಸುರಂಗ ಬಾವಿ ಎಂದೂ ಕರೆಯುತ್ತಾರೆ. ವಿಜಯಪುರದಲ್ಲಿಯೂ ಆದಿಲ್‌ಶಾಹಿಗಳ ಕಾಲದಲ್ಲಿ ತೊರವಿಯ ಕಡೆಯಿಂದ ನಗರಕ್ಕೆ ನೆಲದಡಿಯ ಕಾಲುವೆಯಲ್ಲಿ ನೀರು ತಂದಿದ್ದರು. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಗುಡ್ಡಗಳಲ್ಲಿ ಮುರಕಲ್ಲನ್ನು ಅಡ್ಡಲಾಗಿ ಕೊರೆದು ತೋಟಕ್ಕೆ ನೀರು ತರುವ ಸುರಂಗಗಳೂ ಇದೇ ಬಗೆಯವು, ಅವನ್ನು ಒಂದೊಂದು ಮನೆಯವರು ತಮ್ಮ ತೋಟಕ್ಕಾಗಿ ತೋಡಿಸಿಕೊಂಡಿರುವುದಷ್ಟೇ ವ್ಯತ್ಯಾಸ. ನಮ್ಮಲ್ಲಿ ಡೇರೆಯ ಸುತ್ತ ಕಟ್ಟುವ ಬಟ್ಟೆಯ ಗೋಡೆಗೂ ಕನಾತು ಎನ್ನುತ್ತಾರೆ, ಆದರೆ ಅದು ಬೇರೆಯೇ ಪದ. ಮಗಳಿಗೆ ಅದನ್ನೂ ಹೇಳಿಬಿಡಿ.

ಪ್ರತಿಕ್ರಿಯೆ: ಪದಾಸಕ್ತೆ, ಮೈಸೂರು

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಧಾರವಾಡದ ಹಿರಿಯರು ಹೇಳಿದಂತೆ ಪದಗಳನ್ನು ಮೂಲದ ಪ್ರಕಾರ ವಿಂಗಡಿಸಿ ಬರೆದುಕೊಟ್ಟೆ. ಕನ್ನಡದ ರೂಪ ಪಕ್ಕದಲ್ಲಿರುವ ಪದಗಳನ್ನು ಅವಳು ಅಂದೇ ಕಲಿತಳು. ಬೀದರಿನ ವಿವರಣೆಯನ್ನು ಓದಿಸಿದ ಮೇಲೆ ಅವಳಿಗೆ ಕನಾತ್ ಪದಕ್ಕಿಂತ ಆ ಸುರಂಗವೇ ಹೆಚ್ಚು ಮುಖ್ಯವಾಗಿದೆ, ರಜೆಯಲ್ಲಿ ಹೋಗಿ ನೋಡಬೇಕೆಂದು ಹಟ ಹಿಡಿದಿದ್ದಾಳೆ. ಈಗ ಎರಡು ಸಣ್ಣ ಸಂದೇಹಗಳು ಉಳಿದಿವೆ. ದಿನಕ್ಕೊಂದು ಐದಕ್ಷರದ ಪದವನ್ನು ಊಹಿಸುವ ವರ್ಡಲ್ ಆಟದಲ್ಲಿ ಈ ಪದಗಳು ಪ್ರಯೋಜನಕ್ಕೆ ಬರುತ್ತವೆಯೇ? ಮತ್ತು ಐದಕ್ಷರಕ್ಕಿಂತ ಉದ್ದವಾದ, ಆದರೆ ಕನ್ನಡಿಗರಿಗೆ ತಿಳಿದಿರುವ ಪದಗಳೇನಾದರೂ ಇವೆಯೇ?

ಉತ್ತರ: ಬಿಲ್ಲೆಮಣೆ, ಬೆಂಗಳೂರು

ವರ್ಡಲ್‌ನಲ್ಲಿ ಇವುಗಳಿಂದ ಹೆಚ್ಚಿನ ಲಾಭವಿಲ್ಲ. ಜಾಶ್ ವಾರ್ಡಲ್ 2021ರಲ್ಲಿ ಎಲ್ಲರಿಗೂ ತೆರೆದಿಟ್ಟ ಆ ಆಟದಲ್ಲಿ ಊಹೆಯಾಗಿ ಸ್ವೀಕರಿಸುವ ಪದಗಳ ಪಟ್ಟಿ ದೊಡ್ಡದು. ಆದರೆ ಉತ್ತರವಾಗಿ ಬರುವ ಪದಗಳನ್ನು ಸಾಮಾನ್ಯ ಓದುಗರಿಗೆ ತಿಳಿದಿರುವಂಥವುಗಳಿಂದಲೇ ಆಯ್ದುಕೊಂಡಿದ್ದಾರೆ. ಅಲ್ಲಿ ಕ್ಯೂ ಹಸಿರು ಬಣ್ಣಕ್ಕೆ ತಿರುಗಿದರೆ ಮುಂದಿನ ಮನೆಯಲ್ಲಿ ಯು ಇದೆಯೆಂದೇ ಭಾವಿಸಿ ಮುಂದುವರಿಯುವುದು ಜಾಣತನ. ಎರಡು ಆಟಗಳಿಗೆ ಎರಡು ಬಗೆಯ ಪದಜ್ಞಾನ ಬೇಕು. ಸ್ಕ್ರ್ಯಾಬಲ್ ಅಪರೂಪದ ಪದವನ್ನು ಬಲ್ಲವರಿಗೆ ಅಂಕ ಕೊಡುತ್ತದೆ, ವರ್ಡಲ್ ಬಳಕೆಯ ಪದದಲ್ಲಿ ಯಾವ ಅಕ್ಷರ ಎಲ್ಲಿ ಕೂರುತ್ತದೆಂದು ಬಲ್ಲವರಿಗೆ ಅನುಕೂಲ ಮಾಡುತ್ತದೆ.

ಎರಡನೆಯ ಪ್ರಶ್ನೆಗೆ ಉತ್ತರ ಸಂತೋಷದಿಂದ ಹೇಳುವಂಥದ್ದು. ಕ್ರಾಂತಿ ಎಂಬ ಅರ್ಥದ ‘ಇಂಕಿಲಾಬ್’ ಕಾಲಿನ್ಸ್ ಪಟ್ಟಿಯಲ್ಲಿದೆ: ಐ-ಎನ್-ಕ್ಯೂ-ಐ-ಎಲ್-ಎ-ಬಿ. ‘ಕವ್ವಾಲಿ’ಯೂ ಇದೆ: ಕ್ಯೂ-ಎ-ಡಬ್ಲ್ಯು-ಡಬ್ಲ್ಯು-ಎ-ಎಲ್-ಐ. ಎರಡೂ ಏಳಕ್ಷರದವು. ಕೈಯಲ್ಲಿರುವ ಏಳೂ ಬಿಲ್ಲೆಗಳನ್ನು ಒಂದೇ ಸಲಕ್ಕೆ ಇಟ್ಟವರಿಗೆ 50 ಅಂಕ ಹೆಚ್ಚುವರಿಯಾಗಿ ಸಿಗುವುದರಿಂದ, ಬೋರ್ಡಿನ ವಿಶೇಷ ಮನೆಗಳನ್ನು ಲೆಕ್ಕಕ್ಕೆ ಹಿಡಿಯದೆಯೇ ಇಂಕಿಲಾಬ್ 68 ಅಂಕಗಳನ್ನೂ ಕವ್ವಾಲಿ 72 ಅಂಕಗಳನ್ನೂ ತರುತ್ತವೆ. ಡಬ್ಲ್ಯು ಬಿಲ್ಲೆ ಇರುವುದೇ ಎರಡು. ಅವೆರಡೂ ಕ್ಯೂವಿನೊಂದಿಗೆ ಒಬ್ಬರ ಕೈಗೇ ಬರುವುದು ಅಪರೂಪವಾದ್ದರಿಂದ, ಮಗಳು ಮೊದಲು ಇಂಕಿಲಾಬ್ ಪದವನ್ನೇ ಕಲಿಯಲಿ. ಎಂಟಕ್ಷರದ ‘ತಾಲೂಕ್ದಾರ್’ ಕೂಡ ಪಟ್ಟಿಯಲ್ಲಿದೆ: ಟಿ-ಎ-ಎಲ್-ಯು-ಕ್ಯೂ-ಡಿ-ಎ-ಆರ್. ಅದರಲ್ಲಿ ಯು ಕ್ಯೂವಿನ ಹಿಂದೆ ನಿಂತಿದೆ. ಬೋರ್ಡಿನ ಮೇಲೆ ಆಗಲೇ ಇರುವ ಒಂದು ಅಕ್ಷರವನ್ನು ಬಳಸಿಕೊಂಡು ಅದನ್ನು ಕಟ್ಟಬೇಕಾಗುತ್ತದೆ. ಎದುರಾಳಿ ಆಕ್ಷೇಪಿಸಿದರೆ ಹೆದರದೆ ತೀರ್ಪುಗಾರರನ್ನು ಕರೆಯಲು ಹೇಳಿ, ಪದ ಪಟ್ಟಿಯಲ್ಲಿದೆ.